ಬೆಣ್ಣೆ, ಸಾಲಪತ್ರ, ಮತಪತ್ರ: ಅಬಿಗೇಲ್ ಸ್ಕಾಟ್ ಡನಿವೇ ಮತ್ತು ಒರೆಗಾನ್‌ನ ಮಹಿಳಾ ಮತಾಧಿಕಾರ ಚಳವಳಿ

ಅಮೆರಿಕದ ಮಹಿಳಾ ಮತಾಧಿಕಾರ ಚಳವಳಿಯ ಚರಿತ್ರೆಯನ್ನು 1848ರ ಸೆನೆಕಾ ಫಾಲ್ಸ್ ಸಮಾವೇಶದಿಂದ ಆರಂಭಿಸುವುದು ರೂಢಿ. ಸಭೆ, ಠರಾವು, ಭಾಷಣಗಳೆಲ್ಲ ಪೂರ್ವ ತೀರದವು. ಆದರೆ ಆ ಚಳವಳಿಗೆ ಮೊದಲ ಗೆಲುವುಗಳು ಸಿಕ್ಕಿದ್ದು ಹೊಲ, ಹುಲ್ಲುಗಾವಲು, ಗಣಿಗಳ ಪಶ್ಚಿಮದಲ್ಲಿ: 1869ರಲ್ಲಿ ವಯೋಮಿಂಗ್, 1870ರಲ್ಲಿ ಯೂಟಾ, 1893ರಲ್ಲಿ ಕೊಲರಾಡೊ, 1896ರಲ್ಲಿ ಇಡಾಹೊ. ಈ ಪಶ್ಚಿಮದ ಹೋರಾಟದಲ್ಲಿ ನಾಲ್ಕು ದಶಕ ಮುಂಚೂಣಿಯಲ್ಲಿದ್ದ ಅಬಿಗೇಲ್ ಸ್ಕಾಟ್ ಡನಿವೇ (1834–1915) ಮೂಲತಃ ಒಬ್ಬ ರೈತನ ಹೆಂಡತಿ. ಆಕೆಯ ರಾಜಕೀಯ ಹುಟ್ಟಿದ್ದು ಗ್ರಂಥಗಳಿಂದಲ್ಲ, ಹೊಲಮನೆಯ ಲೆಕ್ಕಾಚಾರದಿಂದ ಎಂಬುದು ಈ ಲೇಖನದ ವಾದ. ಆಕೆಯ ಬಲವೂ ಅಲ್ಲಿಂದಲೇ ಬಂತು, ಮಿತಿಯೂ ಅಲ್ಲಿಂದಲೇ ಬಂತು.

ಆಕೆಯ ಬದುಕನ್ನು ತಿಳಿಯಲು ಮುಖ್ಯವಾದ ಆಕರಗಳು ಆಕೆಯೇ ಬರೆದವು. 1852ರ ವಲಸೆಯ ದಿನಚರಿ, 1871ರಿಂದ 1887ರವರೆಗೆ ನಡೆಸಿದ ‘ನ್ಯೂ ನಾರ್ತ್‌ವೆಸ್ಟ್’ ವಾರಪತ್ರಿಕೆ, 1914ರಲ್ಲಿ ಪ್ರಕಟವಾದ ಆತ್ಮಕಥೆ ‘ಪಾತ್ ಬ್ರೇಕಿಂಗ್’. ಎಂಬತ್ತರ ಹೊಸ್ತಿಲಲ್ಲಿ ಬರೆದ ಆತ್ಮಕಥೆಯನ್ನು ಎಚ್ಚರದಿಂದಲೇ ಓದಬೇಕು. ಹಳೆಯ ಜಗಳಗಳಿಗೆ ಅಲ್ಲಿ ಉತ್ತರ ಕೊಡಲಾಗಿದೆ. ಆದರೂ ರೈತ ಹೆಂಗಸಿನ ದುಡಿಮೆಯ ಬಗ್ಗೆ ಅಲ್ಲಿ ಬರುವ ಮಾತು ಮುಪ್ಪಿನಲ್ಲಿ ಹೊಳೆದದ್ದಲ್ಲ. 1860ರ ಆಸುಪಾಸಿನಲ್ಲೇ ‘ಒರೆಗಾನ್ ಫಾರ್ಮರ್’ ಪತ್ರಿಕೆಗೆ ‘ರೈತನ ಹೆಂಡತಿ’ ಎಂಬ ಹೆಸರಿನಲ್ಲಿ ಆಕೆ ಬರೆಯುತ್ತಿದ್ದರು.

ಅಬಿಗೇಲ್ ಹುಟ್ಟಿದ್ದು ಇಲಿನಾಯ್ ರಾಜ್ಯದ ಗ್ರೋವ್‌ಲ್ಯಾಂಡ್ ಬಳಿಯ ಹೊಲಮನೆಯಲ್ಲಿ. ತಾಯಿ ಆ್ಯನ್ ಹೆತ್ತದ್ದು ಹನ್ನೆರಡು ಮಕ್ಕಳನ್ನು. ನೀನು ಹೆಣ್ಣಾಗಿ ಹುಟ್ಟಿದಾಗ ನನಗಾದ ಸಂಕಟ ತಡೆಯಲಾಗದಂಥದ್ದು ಎಂದು ತಾಯಿಯೇ ಒಮ್ಮೆ ಹೇಳಿದ್ದನ್ನು ಮಗಳು ಕೊನೆಯವರೆಗೂ ಮರೆಯಲಿಲ್ಲ. ಇದನ್ನು ಹೆಣ್ಣುಮಕ್ಕಳ ಮೇಲಿನ ತಾತ್ಸಾರ ಎಂದು ಓದಿದರೆ ಆ ತಾಯಿಗೆ ಅನ್ಯಾಯವಾಗುತ್ತದೆ. ತಾನು ಪಟ್ಟ ಪಾಡು ಮಗಳಿಗೂ ತಪ್ಪದು ಎಂದು ಬಲ್ಲವಳ ಮಾತು ಅದು. 1852ರಲ್ಲಿ ತಂದೆ ಜಾನ್ ಟಕರ್ ಸ್ಕಾಟ್ ಸಂಸಾರವನ್ನು ಎತ್ತಿನ ಬಂಡಿಗಳಲ್ಲಿ ಒರೆಗಾನ್‌ಗೆ ಹೊರಡಿಸಿದರು. ದೇಹ ಸೋತಿದ್ದ ಆ್ಯನ್‌ಗೆ ಈ ಪ್ರಯಾಣ ಬೇಕಿರಲಿಲ್ಲ. ಜೂನ್‌ನಲ್ಲಿ, ದಾರಿಯಲ್ಲೇ, ಕಾಲರಾಕ್ಕೆ ತುತ್ತಾದರು; ಕೆಲವು ವಾರಗಳ ನಂತರ ಪುಟ್ಟ ತಮ್ಮ ವಿಲಿ ತೀರಿಕೊಂಡ. ತಂದೆಯ ಅಪ್ಪಣೆಯಂತೆ ದಿನಚರಿ ಬರೆಯುತ್ತಿದ್ದ ಹದಿನೇಳರ ಅಬಿಗೇಲ್ ಇವೆರಡನ್ನೂ ದಾಖಲಿಸಬೇಕಾಯಿತು.

ಮರುವರ್ಷ ಆಗಸ್ಟ್‌ನಲ್ಲಿ ಬೆಂಜಮಿನ್ ಡನಿವೇ ಜೊತೆ ಮದುವೆ. ಕ್ಲಾಕಮಸ್ ಕೌಂಟಿಯ ಕಾಡು ಕಡಿದ ಹೊಲ, ಅಡುಗೆಗೊಂದು ಚಪ್ಪರದ ಒತ್ತುಕೋಣೆ. ಸುತ್ತಲಿನ ಬ್ರಹ್ಮಚಾರಿ ರೈತರಿಗೆಲ್ಲ ಡನಿವೇ ಮನೆಯೇ ಖರ್ಚಿಲ್ಲದ ಊಟದ ಮನೆ. ಗಂಡಸರು ಹರಟುತ್ತಿದ್ದರೆ ಆಕೆ ಕೈಗೂಸನ್ನು ಸಂಭಾಳಿಸುತ್ತ ಬೆಣ್ಣೆ ಕಡೆಯುತ್ತಿದ್ದರು, ಬಟ್ಟೆ ಒಗೆಯುತ್ತಿದ್ದರು, ಒಲೆ ನೋಡುತ್ತಿದ್ದರು. ವರ್ಷಕ್ಕೆ ಸಾವಿರಾರು ಪೌಂಡ್ ಬೆಣ್ಣೆ ಮಾರಾಟಕ್ಕೆ ಹೋಗುತ್ತಿತ್ತು. ಅದರಲ್ಲಿ ತನ್ನದೆನ್ನುವ ಒಂದು ಕಾಸೂ ಕೈಯಲ್ಲಿರಲಿಲ್ಲ ಎಂದು ಆತ್ಮಕಥೆಯಲ್ಲಿ ಬರೆದಿದ್ದಾರೆ. ಮನೆಯ ನಗದು ಆದಾಯದ ಒಂದು ಭಾಗವನ್ನು ದುಡಿದವಳಿಗೆ ಆ ನಗದಿನ ಮೇಲೆ ಹಕ್ಕಿಲ್ಲ. ಆಕೆಯ ಮುಂದಿನ ಭಾಷಣಗಳೆಲ್ಲ ಈ ಒಂದು ಸಂಗತಿಯ ಸುತ್ತ ಬೆಳೆದವು ಎಂದರೆ ಅತಿಶಯೋಕ್ತಿಯಾಗದು.

ಎರಡನೆಯ ಪೆಟ್ಟು ಬಿದ್ದದ್ದು ಜಾಮೀನಿನಿಂದ. ಲಫಾಯೆಟ್ ಬಳಿ ಹೊಸ ಹೊಲ ಮಾಡಿಕೊಂಡಿದ್ದ ಬೆಂಜಮಿನ್ ಸ್ನೇಹಿತನೊಬ್ಬನ ಸಾಲಪತ್ರಗಳಿಗೆ ಸಹಿ ಹಾಕಿದರು. ಕೆಲಸದ ಮಧ್ಯೆ ಅದನ್ನು ನೋಡುತ್ತಿದ್ದ ಹೆಂಡತಿಗೆ ಎದೆ ಧಸಕ್ಕೆಂದಿತು, ಆದರೆ ಬೇಡವೆನ್ನುವ ಅಧಿಕಾರವಿರಲಿಲ್ಲ. ಸ್ನೇಹಿತ ಸಾಲ ತೀರಿಸಲಿಲ್ಲ, ಬಡ್ಡಿ ಬೆಳೆಯಿತು. ಗಂಡ ಮನೆಯಲ್ಲಿಲ್ಲದಾಗ ಷೆರಿಫ್ ಬಂದು ನೋಟಿಸನ್ನು ಆಕೆಯ ಕೈಗೇ ಕೊಟ್ಟ. ಸಹಿಯ ಹೊತ್ತಿನಲ್ಲಿ ಕಾನೂನಿನ ಕಣ್ಣಿಗೆ ಬೀಳದವಳು ದಂಡದ ಹೊತ್ತಿನಲ್ಲಿ ಗಂಡನ ಪ್ರತಿನಿಧಿಯಾದಳು: ಈ ವಿಪರ್ಯಾಸವನ್ನು ಅವರು ಬಹಳ ವರ್ಷ ವೇದಿಕೆಗಳಲ್ಲಿ ಹೇಳಿದರು. ಜಾಮೀನು ನಿಂತು ಮನೆ ಕಳೆದುಕೊಂಡವರನ್ನು ಬಲ್ಲ ನಮ್ಮ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 1862ರಲ್ಲಿ ಹೊಲ ಹೋಯಿತು. ಅದರ ಬೆನ್ನಿಗೆ, ಬೆದರಿ ಓಡಿದ ಗಾಡಿಗೆ ಸಿಕ್ಕಿ ಬೆಂಜಮಿನ್ ಕಷ್ಟದ ಕೆಲಸ ಮಾಡಲಾಗದಂತಾದರು.

ಮುಂದೆ ಸಂಸಾರ ಎಳೆದದ್ದು ಅಬಿಗೇಲ್. ಶಾಲೆ ನಡೆಸಿದರು, ಆಮೇಲೆ ಆಲ್ಬನಿ ಊರಿನಲ್ಲಿ ಹೆಂಗಸರ ಟೊಪ್ಪಿಗೆಯ ಅಂಗಡಿ ಇಟ್ಟರು. ಅಂಗಡಿಗೆ ಬಂದ ಹೆಂಗಸರು ಟೊಪ್ಪಿಗೆಗಿಂತ ಹೆಚ್ಚಾಗಿ ತಮ್ಮ ಕಷ್ಟ ಹೇಳಿಕೊಂಡರು. ಸಾಮಾನು ಮಾರಿ ಓಡಿಹೋದ ಗಂಡ, ಬಳಿಕ ಮರಳಿ ಬಂದು ಹೆಂಡತಿ ಮಾಡಿದ ಸಾಲದ ಕರಾರು ಚಲಾವಣೆಯಾಗದು ಎಂದದ್ದು ಅಂಥ ಒಂದು ಕಥೆ. ಹೆಂಗಸರೇ ಕಾನೂನು ಮಾಡುವಂತಾಗದೆ ಇದು ಸರಿಹೋಗದು ಎಂಬ ಮಾತನ್ನು ಮೊದಲು ಆಡಿದ್ದು ಬೆಂಜಮಿನ್ ಎಂದು ಆಕೆ ನೆನೆಯುತ್ತಾರೆ. ಹೊಲ ಕಳೆದ ಗಂಡನಿಗೆ ಈ ಮನ್ನಣೆ ಕೊಟ್ಟದ್ದು ಆಕೆಯ ದೊಡ್ಡತನ ಎಂದೇ ನನಗೆ ತೋರುತ್ತದೆ.

1871ರ ಮೇ 5ರಂದು ಪೋರ್ಟ್‌ಲ್ಯಾಂಡ್‌ನಲ್ಲಿ ‘ನ್ಯೂ ನಾರ್ತ್‌ವೆಸ್ಟ್’ ಹೊರಬಂತು. ಮಕ್ಕಳೇ ಅಚ್ಚುಮೊಳೆ ಜೋಡಿಸಿದರು. ಅದೇ ವರ್ಷ ಚಳವಳಿಯ ರಾಷ್ಟ್ರೀಯ ನಾಯಕಿ ಸೂಸನ್ ಬಿ. ಆಂಟನಿ ಬಂದಾಗ ಅವರ ಪ್ರವಾಸವನ್ನು ಡನಿವೇ ನಡೆಸಿಕೊಟ್ಟರು. 1872ರಲ್ಲಿ ಪೋರ್ಟ್‌ಲ್ಯಾಂಡ್‌ನಲ್ಲಿ ಮತ ಹಾಕಲು ಹೋದ ನಾಲ್ವರಲ್ಲಿ ಆಕೆಯ ಜೊತೆ ಮೇರಿ ಬೀಟಿ ಎಂಬ ಕಪ್ಪು ಮಹಿಳೆಯೂ ಇದ್ದರು. ಅಧಿಕಾರಿಗಳು ಮತಪತ್ರ ತೆಗೆದುಕೊಂಡು ಪೆಟ್ಟಿಗೆಯ ಒಳಗೆ ಹಾಕದೆ ಅಡಿಗೆ ಇಟ್ಟರು. ಕುದುರೆಗಾಡಿ, ದೋಣಿಗಳಲ್ಲಿ ಹಳ್ಳಿಹಳ್ಳಿ ಸುತ್ತಿದ ಡನಿವೇಗೆ 1879ರಲ್ಲಿ ಜಾಕ್ಸನ್‌ವಿಲ್‌ನಲ್ಲಿ ಮೊಟ್ಟೆಯ ಏಟು ಬಿತ್ತು, ಪ್ರತಿಕೃತಿಯ ದಹನವೂ ಆಯಿತು. 1878ರ ಹೊತ್ತಿಗೆ ಒರೆಗಾನ್ ಶಾಸನಸಭೆ ವಿವಾಹಿತೆಯರ ಆಸ್ತಿಹಕ್ಕಿನ ಕಾನೂನು ಮಾಡಿತ್ತು.

ಮತದ ಹಕ್ಕು ಮಾತ್ರ ಸುಲಭಕ್ಕೆ ಒಲಿಯಲಿಲ್ಲ. ಅದನ್ನು ಕೊಡಬೇಕಾದವರು ಗಂಡಸು ಮತದಾರರು. 1884ರಲ್ಲಿ ಪರ 11,223, ವಿರೋಧ 28,176. 1900ರಲ್ಲಿ ಪರ 26,265, ವಿರೋಧ 28,402. ಎರಡೇ ಸಾವಿರದ ಅಂತರ. ‘ಒರೆಗೋನಿಯನ್’ ಪತ್ರಿಕೆಯ ಪ್ರಬಲ ಸಂಪಾದಕ ಹಾರ್ವಿ ಸ್ಕಾಟ್ ವಿರೋಧವಾಗಿ ಬರೆಯುತ್ತಿದ್ದರು, ಅವರು ಆಕೆಯ ಒಡಹುಟ್ಟಿದ ತಮ್ಮ. ಡನಿವೇ ಮೆರವಣಿಗೆ, ಘೋಷಣೆಗಳನ್ನು ನೆಚ್ಚದೆ, ಸದ್ದಿಲ್ಲದೆ ಪ್ರಭಾವಿ ಗಂಡಸರನ್ನು ಒಬ್ಬೊಬ್ಬರಾಗಿ ಒಲಿಸಿಕೊಳ್ಳುವ ದಾರಿ ಹಿಡಿದರು. ಪಾನನಿಷೇಧದ ಹೋರಾಟಕ್ಕೆ ಮತಾಧಿಕಾರವನ್ನು ಗಂಟುಹಾಕಬೇಡಿ ಎಂದು ಸಂಗಾತಿಗಳೊಡನೆ ಕಾದಾಡಿದರು. ಬಿಯರ್‌ಗೆ ಬೇಕಾದ ಹಾಪ್ಸ್ ಬೆಳೆಯುವ ನಾಡು ಅದು. ಹೆಂಗಸರಿಗೆ ಮತ ಕೊಟ್ಟರೆ ಹೆಂಡ ನಿಲ್ಲುತ್ತದೆ ಎಂದು ಗಂಡಸರಿಗೆ ಅನ್ನಿಸಿದರೆ ಮತ ಕೊಡರು ಎಂಬುದು ಆಕೆಯ ಲೆಕ್ಕ. ಊರುಗಳನ್ನು ಕಂಡವರ ಲೆಕ್ಕ ಅದು, ಬಹುಮಟ್ಟಿಗೆ ಸರಿಯೂ ಹೌದು. 1906ರಲ್ಲಿ ಮತಾಧಿಕಾರ ಚಳವಳಿಯ ರಾಷ್ಟ್ರೀಯ ಸಂಘಟನೆಯೇ ಬಂದು ಬಹಿರಂಗ ಪ್ರಚಾರ ನಡೆಸಿದಾಗಲೂ 36,902ಕ್ಕೆ 47,075ರಂತೆ ಸೋಲೇ ಆಯಿತು.

ಆದರೆ 1910ರಲ್ಲಿ ಆಕೆ ಎಡವಿದರು. ತೆರಿಗೆ ಕಟ್ಟುವ ಹೆಂಗಸರಿಗಷ್ಟೇ ಮತ ಎಂಬ ಪ್ರಸ್ತಾವವನ್ನು ಮುಂದಿಟ್ಟರು. ಆಸ್ತಿಯಿಲ್ಲದೆ ನರಳಿದವರಿಗೆ ಆಸ್ತಿಯೇ ಹಕ್ಕಿನ ಬೀಗದ ಕೈಯಂತೆ ಕಂಡದ್ದು ಸಹಜ. ಆದರೆ ತನ್ನ ಹೆಸರಿನಲ್ಲಿ ಏನೂ ಇಲ್ಲದೆ ಬೆಣ್ಣೆ ಕಡೆಯುತ್ತಿದ್ದ 1855ರ ಅಬಿಗೇಲ್‌ಗೇ ಆ ಪ್ರಸ್ತಾವದಲ್ಲಿ ಜಾಗವಿರಲಿಲ್ಲ. 35,270ಕ್ಕೆ 59,065 ಮತಗಳಿಂದ ಅದು ಬಿದ್ದುಹೋಯಿತು.

1912ರ ನವೆಂಬರ್ 5ರಂದು 61,265ಕ್ಕೆ 57,104ರಂತೆ ಗೆಲುವು ಬಂತು. ಎಪ್ಪತ್ತೆಂಟರ ಡನಿವೇ ಆ ಪ್ರಚಾರದ ಬಹುಕಾಲ ಹಾಸಿಗೆ ಹಿಡಿದಿದ್ದರು. ಬೀದಿಯ ಕೆಲಸ ಮಾಡಿದ್ದು ವೈದ್ಯೆ ಎಸ್ತರ್ ಪೋಲ್ ಲವ್‌ಜಾಯ್ ಅವರಂಥ ಹೊಸ ಪೀಳಿಗೆ, ಹ್ಯಾಟಿ ರೆಡ್ಮಂಡ್ ಇದ್ದ ಕಪ್ಪು ಮಹಿಳೆಯರ ಸಂಘ, ಪೋರ್ಟ್‌ಲ್ಯಾಂಡ್‌ನ ಚೀನೀ ಅಮೆರಿಕನ್ ಮಹಿಳೆಯರು. ಹಾಗಿದ್ದೂ ಗವರ್ನರ್ ಆಸ್ವಾಲ್ಡ್ ವೆಸ್ಟ್ ಘೋಷಣಾಪತ್ರವನ್ನು ಡನಿವೇ ಕೈಯಲ್ಲೇ ಬರೆಸಿ, ತಮ್ಮ ಜೊತೆಗೆ ಆಕೆಯ ಸಹಿಯನ್ನೂ ಹಾಕಿಸಿದರು. ಆ ಗೌರವ ಆಕೆಗೆ ಸಲ್ಲಬೇಕಾದದ್ದೇ. ಆದರೆ ಗೆಲುವಿನ ಹೆಸರನ್ನು ಆಕೆಗೊಬ್ಬರಿಗೇ ಬರೆದ ನಂತರದ ಇತಿಹಾಸಗಳು ರೆಡ್ಮಂಡ್‌ರಂಥವರನ್ನು ಬಹುಕಾಲ ಮರೆತವು. ಆ ಘೋಷಣೆಯ ನಂತರವೂ ಒರೆಗಾನ್‌ನ ಅನೇಕ ಮೂಲನಿವಾಸಿ ಮಹಿಳೆಯರು ಪೌರತ್ವಕ್ಕಾಗಿ 1924ರವರೆಗೆ, ಚೀನಾದಿಂದ ವಲಸೆ ಬಂದ ಮಹಿಳೆಯರು 1943ರವರೆಗೆ ಕಾಯಬೇಕಾಯಿತು.