ಹುಟ್ಟದ ವಾದಕನ ಒಂದೇ ಪ್ಲೇಟು

1962ನೆಯ ಇಸವಿಯ ಏಪ್ರಿಲ್ ತಿಂಗಳಿನಲ್ಲಿ ಲಂಡನ್ನಿನ ಪಾರ್ಲೋಫೋನ್ ಸಂಸ್ಥೆಯು ‘ಟೈಂ ಬೀಟ್’ ಎಂಬ ಸಣ್ಣ ಗ್ರಾಮಫೋನ್ ಪ್ಲೇಟೊಂದನ್ನು ಹೊರಡಿಸಿತು. ವಾದಕನ ಹೆಸರು ರೇ ಕ್ಯಾಥೋಡ್ ಎಂದಿದ್ದಿತು. ಅಂತಹ ಪುರುಷನು ಹುಟ್ಟಿಯೇ ಇರಲಿಲ್ಲ! ದೂರದರ್ಶನದ ಗಾಜಿನ ಕೊಳವೆಯೊಳಗೆ ಚಿತ್ರವನ್ನು ಬರೆಯುತ್ತಿದ್ದ ‘ಕ್ಯಾಥೋಡ್ ರೇ’ ಎಂಬ ಕಿರಣದ ಹೆಸರನ್ನೇ ಹಿಂದುಮುಂದಾಗಿಸಿ ಮಾಡಿದ ನಾಮಕರಣವದು. ನಿರುಕ್ತವನ್ನು ಓದಿದವರಿಗೂ ನಗು ತಡೆಯದು.

ಈ ಹೆಸರಿನ ಮರೆಯಲ್ಲಿದ್ದವರು ಇಬ್ಬರು. ಒಬ್ಬರು ಪಾರ್ಲೋಫೋನಿನ ಮುಖ್ಯಸ್ಥರಾಗಿದ್ದ ಜಾರ್ಜ್ ಮಾರ್ಟಿನ್, ಮತ್ತೊಬ್ಬರು ಬಿ.ಬಿ.ಸಿ.ಯ ರೇಡಿಯೋಫೋನಿಕ್ ಕಾರ್ಯಾಗಾರದ ಮದ್ದಲೇನಾ ಫಗಂಡೀನಿ ಎಂಬ ಮಹಿಳೆ. 1958ರಲ್ಲಿ ಸ್ಥಾಪಿತವಾದ ಆ ಕಾರ್ಯಾಗಾರದಲ್ಲಿ ನಾಟಕಾದಿಗಳಿಗೆ ಬೇಕಾದ ಅಪೂರ್ವ ಧ್ವನಿಗಳನ್ನು ಸಿದ್ಧಪಡಿಸುತ್ತಿದ್ದರು. ವಿದ್ಯುದ್ಯಂತ್ರದಿಂದ ಹೊರಟ ನಾದವನ್ನು ಟೇಪಿನಲ್ಲಿ ಹಿಡಿದು, ಟೇಪನ್ನು ಬ್ಲೇಡಿನಿಂದ ಕತ್ತರಿಸಿ, ತುಂಡುಗಳನ್ನು ಬೇಕಾದ ಕ್ರಮದಲ್ಲಿ ಅಂಟಿಸಿ, ವೇಗವನ್ನು ಏರಿಳಿಸಿ ಹೊಸ ಸ್ವರಗಳನ್ನು ಪಡೆಯಬೇಕಾಗಿದ್ದಿತು. ಹೂವಾಡಗಿತ್ತಿಯ ತಾಳ್ಮೆಯಿಲ್ಲದವರಿಗೆ ಈ ಕೆಲಸವು ಸಾಗುವಂತಹುದಲ್ಲ. ದೂರದರ್ಶನದ ಎರಡು ಕಾರ್ಯಕ್ರಮಗಳ ನಡುವಣ ಬರಿದಾದ ಹೊತ್ತನ್ನು ತುಂಬುವುದಕ್ಕೆಂದು ಫಗಂಡೀನಿಯವರು 1960ರಲ್ಲಿ ಇಂತಹ ತಾಳವೊಂದನ್ನು ಕಟ್ಟಿಕೊಟ್ಟಿದ್ದರು.

ಮಾರ್ಟಿನ್ನರು ಆ ತಾಳದ ಮೇಲೆ ವಾದ್ಯಗಾರರಿಂದ ನುಡಿಸಿ ಲಘುಸಂಗೀತವನ್ನಾಗಿ ಮಾಡಿದರು. ಮಗ್ಗುಲಿನ ಕೃತಿ ‘ವಾಲ್ಟ್ಸ್ ಇನ್ ಆರ್ಬಿಟ್’. ಗಗಾರಿನನು ಭೂಮಿಯನ್ನು ಸುತ್ತಿ ಬಂದು ಒಂದು ವರ್ಷವಷ್ಟೇ ಆಗಿದ್ದಿತು. ಮೂರರ ಎಣಿಕೆಯ ಕುಣಿತವೂ ಕಕ್ಷೆಯನ್ನೇರಿದುದರಲ್ಲಿ ಆಶ್ಚರ್ಯವೇನು? ಜನರು ಮಾತ್ರ ಪ್ಲೇಟನ್ನು ಕೊಳ್ಳಲಿಲ್ಲ. ರೇ ಕ್ಯಾಥೋಡನ ಹೆಸರಿನಲ್ಲಿ ಎರಡನೆಯದು ಬರಲೂ ಇಲ್ಲ. ಅದೇ ಜೂನ್ 6ರಂದು ಬೀಟಲ್ಸ್ ತಂಡದವರು ಮಾರ್ಟಿನ್ನರ ಧ್ವನಿಮುದ್ರಣಾಲಯಕ್ಕೆ ಬಂದರು. ಮುಂದೆ ಅವರ ಕೀರ್ತಿಯು ಲೋಕವನ್ನೇ ವ್ಯಾಪಿಸಿದುದನ್ನು ವಾಚಕರು ಬಲ್ಲರು. 1966ರಲ್ಲಿ ಅವರೆಲ್ಲರೂ ಕೂಡಿ ಸಿದ್ಧಪಡಿಸಿದ ‘ಟುಮಾರೋ ನೆವರ್ ನೋಸ್’ ಹಾಡಿನಲ್ಲಿ ಸುತ್ತುವ ಟೇಪಿನ ತುಣುಕುಗಳು ಮತ್ತೆ ಕೇಳಿಬಂದವು.

ಕಾರ್ಯಾಗಾರದವರಿಗೋ ಹೆಸರೇ ದುರ್ಲಭವಾಗಿದ್ದಿತು. ಮಾಡಿದವರ ಬದಲು ಸಂಸ್ಥೆಯನ್ನು ಹೇಳುವುದು ಅಲ್ಲಿನ ಪದ್ಧತಿಯಾಗಿದ್ದಿತು. 1963ರಲ್ಲಿ ‘ಡಾಕ್ಟರ್ ಹೂ’ ಧಾರಾವಾಹಿಯ ಪ್ರಾರಂಭಸಂಗೀತಕ್ಕೆ ರಾನ್ ಗ್ರೇನರನು ಬರೆದ ಸ್ವರಗಳನ್ನು ನಾದವಾಗಿಸಿದ ಡೀಲಿಯಾ ಡರ್ಬಿಷೈರರ ಹೆಸರು ತೆರೆಯ ಮೇಲೆ ಬಂದುದು 2013ರಲ್ಲಿ. ಆಕೆ 2001ರಲ್ಲಿಯೇ ಗತಿಸಿದ್ದರು. ಇದನ್ನು ಅನ್ಯಾಯವೆನ್ನದೆ ಬೇರೇನೆನ್ನಲಿ? ಹುಟ್ಟದವನಿಗೆ ಹೆಸರಿದ್ದಿತು, ದುಡಿದವರಿಗೆ ಇರಲಿಲ್ಲ.

ಫಗಂಡೀನಿಯವರು ಬಳಿಕ ದೂರದರ್ಶನದಲ್ಲಿ ಇಟಾಲಿಯನ್ ಭಾಷೆಯನ್ನು ಕಲಿಸುವ ಪಾಠಗಳನ್ನು ನಿರ್ಮಿಸಿದರು. ಉಪಾಧ್ಯಾಯನಾಗಿದ್ದ ನನಗೆ ಈ ಸಂಗತಿಯು ವಿಶೇಷವಾಗಿ ಪ್ರಿಯವಾಯಿತು. ಅವರು 2012ರಲ್ಲಿ ನಿಧನರಾದರು.