ಆವಣಿಯ ಐವತ್ತು ಗುಡಿಗಳೂ ಎರಡು ಕೆರೆಗಳೂ

ಪಾಳುಬಿದ್ದ ಪುರಾತನ ದೇವಾಲಯಗಳನ್ನು ಕಣ್ಣಾರೆ ಕಾಣಬೇಕೆಂಬ ಕುತೂಹಲವುಳ್ಳವರು ಈಗಿನ ಕಾಲದಲ್ಲಿ ಕಡಲು ದಾಟಿ ಕಂಬುಜ ದೇಶಕ್ಕೆ ಯಾತ್ರೆ ಹೋಗುವುದುಂಟು. ಅಲ್ಲಿನ ಖ್ಮೇರ್ ಅರಸರ ಹಳೆಯ ರಾಜಧಾನಿಗೆ ಅಂಕೋರ್ ಎಂದು ಹೆಸರು. ಅದು ಸಂಸ್ಕೃತದ ‘ನಗರ’ ಶಬ್ದವೇ ಆ ಜನರ ನಾಲಗೆಯಲ್ಲಿ ಸವೆದು ಆದ ರೂಪ. ೧೧೮೬ರಲ್ಲಿ ಏಳನೆಯ ಜಯವರ್ಮನು ಪ್ರತಿಷ್ಠೆ ಮಾಡಿಸಿದ ತಾ ಪ್ರೋಮ್ ವಿಹಾರದ ಮಾಳಿಗೆಯ ಮೇಲೆ ಹೆಮ್ಮರಗಳು ಬೆಳೆದು, ಬೇರುಗಳು ಹೆಬ್ಬಾವುಗಳಂತೆ ಗೋಡೆಯನ್ನು ಸುತ್ತಿ ಇಳಿದಿರುವ ಚಿತ್ರವನ್ನು ನೋಡದವರು ವಿರಳ. ಆ ಚಿತ್ರವನ್ನು ಕಂಡು ಬೆರಗಾಗುವವರಲ್ಲಿ ಎಷ್ಟು ಮಂದಿ ಆವಣಿಗೆ ಹೋಗಿ ಬಂದಿರುವರೋ ತಿಳಿಯದು. ಭೂಪಟದಲ್ಲಿ ಅಂಕೋರಿನಿಂದ ನೇರವಾಗಿ ಪಶ್ಚಿಮಕ್ಕೆ ಒಂದು ಗೆರೆಯೆಳೆದರೆ ಅದು ಸುಮಾರು ೨,೭೫೦ ಕಿಲೋಮೀಟರು ಸಾಗಿ ಕೋಲಾರದ ಸೀಮೆಯ ಹತ್ತಿರಕ್ಕೇ ಬಂದು ಮುಟ್ಟುತ್ತದೆ. ಎರಡೂ ಉತ್ತರ ಅಕ್ಷಾಂಶ ೧೩ ಡಿಗ್ರಿಯ ಆಸುಪಾಸಿನ ನೆಲಗಳು.

ಆವಣಿಯು ಮುಳಬಾಗಿಲು ತಾಲ್ಲೂಕಿನ ಒಂದು ಗ್ರಾಮ. ಮುಳಬಾಗಿಲು ಪಟ್ಟಣದಿಂದ ನೈಋತ್ಯಕ್ಕಿದೆ. ವಾಲ್ಮೀಕಿಯ ಆಶ್ರಮವು ಇಲ್ಲಿನ ಬೆಟ್ಟದಲ್ಲಿಯೇ ಇದ್ದಿತೆಂದೂ, ಸೀತಾದೇವಿಯು ಕುಶಲವರನ್ನು ಇಲ್ಲಿಯೇ ಹೆತ್ತಳೆಂದೂ ಸ್ಥಳಪುರಾಣ. ಬೆಟ್ಟದ ಮೇಲೆ ಆ ತಾಯಿಗೆ ಗುಡಿಯಿದೆ. ಶಿವರಾತ್ರಿಯ ಕಾಲದ ಜಾತ್ರೆಗೆ ದನಗಳೂ ಜನಗಳೂ ಸಮಸಮವಾಗಿ ಸೇರುವುದು ರೂಢಿ. ಬೆಟ್ಟದ ಕೆಳಗೆ, ಪ್ರಾಕಾರದೊಳಗೆ, ರಾಮ ಲಕ್ಷ್ಮಣ ಭರತ ಶತ್ರುಘ್ನರ ಹೆಸರಿನ ಲಿಂಗಗಳಿಗೆ ಬೇರೆ ಬೇರೆ ಗುಡಿಗಳಿವೆ. ವಾಲಿ ಸುಗ್ರೀವರನ್ನೂ ಭಕ್ತರು ಮರೆತಿಲ್ಲ. ಇವುಗಳಲ್ಲಿ ಶಿಲ್ಪವು ಅತ್ಯಂತ ಸಮೃದ್ಧವಾಗಿರುವುದು ಲಕ್ಷ್ಮಣೇಶ್ವರನ ಗುಡಿಯಲ್ಲಿ. ಅದರ ಒಳಮಾಳಿಗೆಯ ನಡುವೆ ಉಮಾಮಹೇಶ್ವರರನ್ನು ಕೂರಿಸಿ ಸುತ್ತಲೂ ಅಷ್ಟದಿಕ್ಪಾಲಕರನ್ನು ನಿಲ್ಲಿಸಿರುವರು. ಆ ಕಲ್ಲು ಗಟ್ಟಿಯಾದ ಬೆಣಚು ಜಾತಿಯದು. ಹೊಯ್ಸಳರ ಬಳಪದ ಕಲ್ಲಿನಂತೆ ಉಳಿಯ ಮಾತನ್ನು ಕೇಳುವುದಿಲ್ಲ. ಆದುದರಿಂದಲೇ ಇಲ್ಲಿನ ಕೆತ್ತನೆಯಲ್ಲಿ ಕುಸುರಿ ಕಡಮೆ, ಗಾಂಭೀರ್ಯ ಹೆಚ್ಚು. ಬೇಲೂರನ್ನು ಕಂಡ ಕಣ್ಣಿನಿಂದಲೇ ಆವಣಿಯನ್ನು ಅಳೆಯುವವರು ಅದಕ್ಕೆ ಅನ್ಯಾಯ ಮಾಡುತ್ತಾರೆ.

ಪುರಾಣದ ಮಾತು ಹಾಗಿರಲಿ. ಶಾಸನಗಳು ಹೇಳುವ ಸಂಗತಿ ಪುರಾಣಕ್ಕಿಂತ ಕಡಮೆ ಸ್ವಾರಸ್ಯದ್ದಲ್ಲ. ಹತ್ತನೆಯ ಶತಮಾನದಲ್ಲಿ ಈ ಸೀಮೆ ನೊಳಂಬ ಪಲ್ಲವರ ಆಳ್ವಿಕೆಗೆ ಸೇರಿದ್ದಿತು. ಅವರ ರಾಜಧಾನಿ ಹೆಂಜೇರು, ಎಂದರೆ ಈಗ ಆಂಧ್ರದ ಗಡಿಯೊಳಗಿರುವ ಹೇಮಾವತಿ. ನೊಳಂಬರ ರಾಣಿ ದಿವಳಬ್ಬೆ ಆವಣಿಯಲ್ಲಿ ಒಂದು ದೇವಾಲಯವನ್ನು ಕಟ್ಟಿಸಿದಳು. ಆದರೆ ಆವಣಿಯನ್ನು ಆವಣಿಯಾಗಿ ಮಾಡಿದವನು ಅರಸನೂ ಅಲ್ಲ, ರಾಣಿಯೂ ಅಲ್ಲ. ತ್ರಿಭುವನಕರ್ತಾರದೇವನೆಂಬ ಒಬ್ಬ ಶೈವ ಯತಿ. ಕಲಿಯುಗರುದ್ರನೆಂದು ಅವನನ್ನು ಕೊಂಡಾಡಿರುವ ಶಾಸನವು ಲೆಕ್ಕವನ್ನು ಚೊಕ್ಕವಾಗಿ ಕೊಡುತ್ತದೆ: ಆವಣಿಯ ಸ್ಥಾನವನ್ನು ನಲವತ್ತು ವರ್ಷ ಆಳಿದನು, ಐವತ್ತು ದೇಗುಲಗಳನ್ನು ಮಾಡಿಸಿದನು, ಎರಡು ದೊಡ್ಡ ಕೆರೆಗಳನ್ನು ಕಟ್ಟಿಸಿದನು, ಕ್ರಿ. ಶ. ೯೬೧ರಲ್ಲಿ ಶಿವೈಕ್ಯನಾದನು.

ಆ ೯೬೧ನೆಯ ಇಸವಿಯು ಅಂಕೋರಿನ ಚರಿತ್ರೆಯನ್ನು ಓದಿದವರಿಗೆ ಅಪರಿಚಿತವಲ್ಲ. ರಾಜೇಂದ್ರವರ್ಮನು ಪ್ರೆ ರೂಪ್ ಎಂಬ ಇಟ್ಟಿಗೆಯ ಗೋಪುರಗಳ ಮಹಾದೇವಾಲಯವನ್ನು ಶಿವನಿಗೆ ಅರ್ಪಿಸಿದುದು ಆ ವರ್ಷದ ಸುಮಾರಿನಲ್ಲಿಯೇ. ಅದಾದ ಆರು ವರ್ಷಕ್ಕೆ, ೯೬೭ರಲ್ಲಿ, ಬಾಂತೆಯ್ ಸ್ರೇ ಎಂಬ ಚಿಕ್ಕದಾದರೂ ಅತಿ ಸುಂದರವಾದ ಗುಡಿಗೆ ಪ್ರತಿಷ್ಠೆಯಾಯಿತು. ಅದನ್ನು ಕಟ್ಟಿಸಿದವನೂ ಅರಸನಲ್ಲ; ಯಜ್ಞವರಾಹನೆಂಬ ವಿದ್ವಾಂಸ, ರಾಜಗುರು. ಅಲ್ಲಿ ನೆಲೆಸಿದ ದೇವರ ಹೆಸರು ತ್ರಿಭುವನಮಹೇಶ್ವರ! ಆವಣಿಯ ಗುರುವಿನ ಹೆಸರಿಗೂ ಈ ದೇವರ ಹೆಸರಿಗೂ ಇರುವ ಹೋಲಿಕೆ ಕಾಕತಾಳೀಯ. ಅಲ್ಲಿಂದ ಇಲ್ಲಿಗಾಗಲಿ ಇಲ್ಲಿಂದ ಅಲ್ಲಿಗಾಗಲಿ ಯಾರೋ ಹೋಗಿ ಕಲಿಸಿದರೆಂದು ಇದರಿಂದ ಸಾಧಿಸಹೊರಟರೆ ಅದು ಚರಿತ್ರೆಯಾಗುವುದಿಲ್ಲ. ಅಂಕೋರನ್ನು ಭಾರತೀಯರೇ ಹೋಗಿ ಕಟ್ಟಿ ಬಂದರೆಂಬ ಜಂಬದ ಮಾತು ಒಂದು ಕಾಲಕ್ಕೆ ಕೇಳಿಬರುತ್ತಿದ್ದಿತು. ಕಟ್ಟಿದವರು ಖ್ಮೇರರು, ಕಲ್ಲೂ ಅವರದು, ಕೈಯೂ ಅವರದು. ಎರಡು ನಾಡುಗಳಿಗೂ ಸಾಮಾನ್ಯವಾಗಿದ್ದುದು ಬೇರೊಂದು. ದೇವರ ಸ್ತುತಿಗೂ ಅರಸನ ಕೀರ್ತಿಗೂ ಸಂಸ್ಕೃತ. ಗದ್ದೆ ಯಾವುದು, ಎಲ್ಲೆ ಯಾವುದು, ಯಾರು ಎಷ್ಟು ಕೊಡಬೇಕು ಎಂಬುದಕ್ಕೆ ನಾಡನುಡಿ: ಅಲ್ಲಿ ಖ್ಮೇರ್, ಇಲ್ಲಿ ಕನ್ನಡ. ಕೋಲಾರದ ಒಕ್ಕಲಿಗನೂ ಅಂಕೋರಿನ ಒಕ್ಕಲಿಗನೂ ತಮ್ಮ ಹೊಲದ ಮೇರೆಯನ್ನು ದೇವಭಾಷೆಯಲ್ಲಿ ಕೇಳಲು ಒಪ್ಪಲಿಲ್ಲವೆಂದು ತೋರುತ್ತದೆ.

ಈ ಎರಡು ಸೀಮೆಗಳನ್ನು ಚರಿತ್ರೆಯು ಒಂದು ಸಲ ಒಂದೇ ಅರಸನ ಹೆಸರಿನ ಕೆಳಗೆ ತಂದುದುಂಟು. ತ್ರಿಭುವನಕರ್ತಾರನು ಕಾಲವಾದ ಕೆಲವೇ ವರ್ಷಗಳಲ್ಲಿ ಗಂಗರ ಮಾರಸಿಂಹನು ನೊಳಂಬರನ್ನು ಮುರಿದು ‘ನೊಳಂಬಕುಲಾಂತಕ’ನೆಂಬ ಬಿರುದನ್ನು ಧರಿಸಿದನು. ಆ ಗಂಗರನ್ನು ಚೋಳರು ಮುರಿದರು. ಗಂಗರು ತಮ್ಮನ್ನು ಕುವಳಾಲಪುರವರೇಶ್ವರರೆಂದು ಕರೆದುಕೊಳ್ಳುತ್ತಿದ್ದರಷ್ಟೆ. ಆ ಕುವಳಾಲವೇ ಕೋಲಾರ. ಅದು ಈಗ ಚೋಳರ ನಿಗರಿಲಿಚೋಳಮಂಡಲಕ್ಕೆ ಸೇರಿತು. ಕೋಲಾರಮ್ಮನ ಗುಡಿಯ ತಮಿಳು ಶಾಸನಗಳಲ್ಲಿ ದೇವಿಗೆ ಪಿಡಾರಿಯೆಂದು ಹೆಸರು. ಮೊದಲು ಇಟ್ಟಿಗೆಯದಾಗಿದ್ದ ಆಕೆಯ ಗುಡಿಯನ್ನು ರಾಜೇಂದ್ರ ಚೋಳನ ಅಪ್ಪಣೆಯಂತೆ, ಉತ್ತಮಚೋಳ ಬ್ರಹ್ಮಮಾರಾಯನ ಅಧಿಕಾರಿಯಾದ ಜಕ್ಕಿಯಪ್ಪನು ೧೦೩೩ರ ಸುಮಾರಿನಲ್ಲಿ ಕಲ್ಲಿನಲ್ಲಿ ಮತ್ತೆ ಕಟ್ಟಿಸಿದನು. ಇತ್ತ ತಂಜಾವೂರಿನ ಬಳಿಯ ಕರಂದೈ ಎಂಬಲ್ಲಿ ದೊರೆತ ಇದೇ ರಾಜೇಂದ್ರನ ತಾಮ್ರಶಾಸನದಲ್ಲಿ ಕಾಂಬೋಜರಾಜನು ತನ್ನ ರಾಜ್ಯಲಕ್ಷ್ಮಿಯನ್ನು ಉಳಿಸಿಕೊಳ್ಳುವುದಕ್ಕಾಗಿ ಸ್ನೇಹವನ್ನು ಬಯಸಿ ರಾಜೇಂದ್ರನಿಗೆ ಒಂದು ರಥವನ್ನು ಕಳುಹಿಸಿದನೆಂದಿದೆ. ಆ ಕಾಂಬೋಜರಾಜನು ಅಂಕೋರಿನ ಒಂದನೆಯ ಸೂರ್ಯವರ್ಮನೆಂದು ವಿದ್ವಾಂಸರ ಅಭಿಪ್ರಾಯ. ಚೇಳಿನ ಭಯವನ್ನು ನೀಗಲು ಕೋಲಾರಮ್ಮನ ಹುಂಡಿಗೆ ಕಾಣಿಕೆ ಹಾಕಿ ಬರುವ ಗೃಹಿಣಿಯು ನಿಂತಿರುವುದು, ಅಂಕೋರಿನ ಅರಸನು ಯಾರ ಮೈತ್ರಿಯನ್ನು ಬೇಡಿದ್ದನೋ ಅವನ ಹೆಸರಿನ ಗೋಡೆಯ ಮುಂದೆ.

ಆದರೆ ಒಂದು ರಾಜಧಾನಿಯನ್ನು ಕಾಡು ಏಕೆ ನುಂಗಿತು, ಮತ್ತೊಂದು ಸೀಮೆಯ ಗುಡಿಗಳಲ್ಲಿ ದೀಪವು ಏಕೆ ಆರಲಿಲ್ಲ ಎಂಬ ಪ್ರಶ್ನೆಗೆ ಅರಸರ ವಂಶಾವಳಿಯಲ್ಲಿ ಉತ್ತರ ದೊರೆಯುವುದಿಲ್ಲ. ಅದಕ್ಕಾಗಿ ಶಾಸನದ ಕೊನೆಯ ಮಾತಿಗೆ ಹಿಂದಿರುಗಬೇಕು: ಎರಡು ಕೆರೆಗಳು. ಐವತ್ತು ಗುಡಿಗಳನ್ನು ಹೊಗಳುವವರು ಈ ಎರಡು ಕೆರೆಗಳನ್ನು ಬಾಲದಂತೆ ಸೇರಿಸಿ ಮುಗಿಸಿಬಿಡುತ್ತಾರೆ. ನಿಜವಾಗಿ ಅವು ಬಾಲವಲ್ಲ, ಬುಡ. ಕೋಲಾರದ ಸೀಮೆಯಲ್ಲಿ ವರ್ಷವಿಡೀ ಹರಿಯುವ ಹೊಳೆಯಿಲ್ಲ. ಮಳೆ ವರ್ಷಕ್ಕೆ ಸುಮಾರು ೭೦೦ರಿಂದ ೭೫೦ ಮಿಲಿಮೀಟರು. ದೇವರ ನೈವೇದ್ಯದ ಅಕ್ಕಿ ಬೆಳೆಯಬೇಕಾದರೆ ಗದ್ದೆ ಬೇಕು, ಗದ್ದೆಗೆ ಕೆರೆ ಬೇಕು. ಕೆರೆಯಿಲ್ಲದ ಗುಡಿಗೆ ಪೂಜಾರಿಯೂ ನಿಲ್ಲುವುದಿಲ್ಲ.

ಇದರ ಇಮ್ಮಡಿಯಷ್ಟು ಮಳೆ ಬೀಳುವ ಅಂಕೋರಿನಲ್ಲಿಯೂ ಅರಸರು ಇದನ್ನು ಅರಿತಿದ್ದರು. ೯ನೆಯ ಶತಮಾನದ ಕೊನೆಯಲ್ಲಿ ಯಶೋವರ್ಮನು ತೋಡಿಸಿದ ಯಶೋಧರತಟಾಕದ ಉದ್ದ ಏಳೂವರೆ ಕಿಲೋಮೀಟರು, ಅಗಲ ಸುಮಾರು ೧.೮ ಕಿಲೋಮೀಟರು. ಅದರ ನಟ್ಟನಡುವೆ ರಾಜೇಂದ್ರವರ್ಮನು ೯೫೩ರ ಸುಮಾರಿನಲ್ಲಿ ಒಂದು ದೇವಾಲಯವನ್ನು ಕಟ್ಟಿಸಿದನು. ಅಂದು ಅಲ್ಲಿಗೆ ದೋಣಿಯಲ್ಲಿ ಹೋಗಬೇಕಾಗಿದ್ದಿತು. ಇಂದು ಆ ತಟಾಕದ ಪಾತ್ರದಲ್ಲಿ ಬತ್ತದ ಗದ್ದೆಗಳಿವೆ, ಯಾತ್ರಿಕರು ಕಾರಿನಲ್ಲಿಯೇ ಗುಡಿಯ ಬಾಗಿಲಿಗೆ ಹೋಗಿ ಇಳಿಯುತ್ತಾರೆ. ೧೪ ಮತ್ತು ೧೫ನೆಯ ಶತಮಾನಗಳಲ್ಲಿ ವರ್ಷಗಟ್ಟಲೆ ಮಳೆ ತಪ್ಪಿ, ನಡುನಡುವೆ ಅತಿವೃಷ್ಟಿಯಾಗಿ, ಕಾಲುವೆಗಳು ಕೊರೆದು ಹೂಳು ತುಂಬಿದುವೆಂದು ಹಳೆಯ ಮರಗಳ ಬೆಳವಣಿಗೆಯ ಉಂಗುರಗಳನ್ನೂ ಕಾಲುವೆಗಳ ಮಣ್ಣನ್ನೂ ಪರೀಕ್ಷಿಸಿದವರು ಕಂಡುಕೊಂಡಿದ್ದಾರೆ. ಸಯಾಮಿನವರ ಮುತ್ತಿಗೆ ೧೪೩೧ರಲ್ಲಿ ಬಂದಿತೆಂದು ಪರಂಪರೆ. ಆ ವೇಳೆಗೆ ನೀರಿನ ಕಟ್ಟು ಸಡಿಲವಾಗಿದ್ದಿತು. ಅರಸರು ದಕ್ಷಿಣಕ್ಕೆ ಹೋದರು, ಕಾಡು ಬಂದಿತು. ಅಂಕೋರ್ ವಾಟಿನಲ್ಲಿ ಮಾತ್ರ ಬೌದ್ಧ ಭಿಕ್ಷುಗಳು ಉಳಿದುದರಿಂದ ಅದು ಎಂದೂ ಪೂರ್ಣವಾಗಿ ನಿರ್ಜನವಾಗಲಿಲ್ಲ.

ಹೆಚ್ಚುಕಡಮೆ ಅದೇ ಕಾಲದಲ್ಲಿ ಮುಳಬಾಗಿಲಿನಲ್ಲಿ ನಡೆದುದು ಇದಕ್ಕೆ ವಿರುದ್ಧವಾದ ಕಥೆ. ವಿಜಯನಗರದ ಪೂರ್ವದ ಬಾಗಿಲು ಇದೆಂದೂ, ಮೂಡಲಬಾಗಿಲೇ ಮುಳಬಾಗಿಲಾಯಿತೆಂದೂ ಜನ ಹೇಳುವರು. ಮಧುರೆಯ ಸುಲ್ತಾನರನ್ನು ಗೆಲ್ಲಲು ಹೊರಟ ತನ್ನ ಪತಿ ಕಂಪಣನ ಕಥೆಯನ್ನು ಕಾವ್ಯವಾಗಿ ಬರೆದ ಗಂಗಾದೇವಿಯಾದರೋ ಇದನ್ನು ಕಂಟಕಾನನಪಟ್ಟಣ, ಎಂದರೆ ಮುಳ್ಳುಗಾಡಿನ ಊರು ಎನ್ನುತ್ತಾಳೆ. ಸುತ್ತಣ ಜಾಲಿಯನ್ನೂ ತಂಗಡಿಯನ್ನೂ ನೋಡಿದವರಿಗೆ ರಾಣಿಯ ಮಾತೇ ಸರಿಯೆನಿಸುವುದು. ಪ್ರೌಢದೇವರಾಯನ ಮಂತ್ರಿಯೂ ‘ಶಿವತತ್ತ್ವಚಿಂತಾಮಣಿ’ಯ ಕರ್ತೃವೂ ಆದ ಲಕ್ಕಣ್ಣ ದಂಡೇಶನು ಇಲ್ಲಿ ಅಧಿಕಾರ ನಡೆಸಿ, ಪಟ್ಟಣದ ಸಮೀಪದಲ್ಲಿ ವಿರೂಪಾಕ್ಷನನ್ನು ಸ್ಥಾಪಿಸಿ ವಿರೂಪಾಕ್ಷಪುರವನ್ನು ನೆಲೆಗೊಳಿಸಿದನು. ಉತ್ತರಕ್ಕೆ ಕುರುಡುಮಲೆಯಲ್ಲಿ ಸುಮಾರು ೧೩ ಅಡಿ ಎತ್ತರದ ಗಣಪತಿಯೂ, ಚೋಳರ ಶೈಲಿಯ ಸೋಮೇಶ್ವರನ ಗುಡಿಯೂ ಇವೆ. ಆ ಗುಡಿಯ ಒಂದು ಭಾಗ ಜಕಣಾಚಾರಿಯದು, ಇನ್ನೊಂದು ಅವನ ಮಗ ಡಂಕಣನದು ಎಂಬ ಕಥೆಯನ್ನು ಕೇಳಿ ಸಂತೋಷಪಡಬಹುದು, ನಂಬಬೇಕಾಗಿಲ್ಲ. ಶ್ರೀನಿವಾಸಪುರದ ಕಡೆ ದೊಡ್ಡ ದೇಗುಲಗಳ ಸಾಲಿಲ್ಲ. ಊರಿನ ಹಳೆಯ ಹೆಸರು ಪಾಪನಪಲ್ಲಿ, ಈಗಿನ ಹೆಸರನ್ನು ಇಟ್ಟವರು ದಿವಾನ್ ಪೂರ್ಣಯ್ಯನವರು. ಮಾವಿನ ತೋಪುಗಳೇ ಅಲ್ಲಿನ ಸಂಪತ್ತು. ಮಾಲೂರು ತಾಲ್ಲೂಕಿನ ಟೇಕಲ್ಲಿನಲ್ಲಿ ವರದರಾಜನ ದೊಡ್ಡ ದೇವಾಲಯವಿದೆ. ಆದರೆ ಆ ಭಾಗದ ಬೆಟ್ಟಗಳಿಗೆ ಈಚಿನ ದಶಕಗಳಲ್ಲಿ ಕಲ್ಲುಗಣಿಗಳು ಹತ್ತಿಕೊಂಡಿವೆ. ಗುಡಿ ಕಟ್ಟಿದ ಕಲ್ಲೂ ರಸ್ತೆಗೆ ಹಾಸುವ ಜಲ್ಲಿಯೂ ಒಂದೇ ಬೆಟ್ಟದ ಮಕ್ಕಳು. ಸಿಡಿಮದ್ದು ಈ ಭೇದವನ್ನು ಎಣಿಸುವುದಿಲ್ಲ.

ದೀಪ ಆರದ ಗುಡಿಗಳಿಗೂ ಅವುಗಳದೇ ಆದ ಅಪಾಯವಿದೆ. ಕಾಡು ಮುಚ್ಚಿದ ಕಲ್ಲಿನ ಮೇಲೆ ಅಕ್ಷರ ಉಳಿಯಬಹುದು. ವರ್ಷವರ್ಷವೂ ಸುಣ್ಣ ಬಳಿದ ಕಲ್ಲಿನ ಮೇಲೆ ಅದು ಕಾಣುವುದಿಲ್ಲ. ಬಿ. ಎಲ್. ರೈಸ್ ಅವರು ಈ ಜಿಲ್ಲೆಯ ಶಾಸನಗಳನ್ನು ಸಂಗ್ರಹಿಸಿ ‘ಎಪಿಗ್ರಾಫಿಯ ಕರ್ನಾಟಿಕ’ದ ಹತ್ತನೆಯ ಸಂಪುಟವಾಗಿ ೧೯೦೫ರಲ್ಲಿ ಹೊರತಂದಿರದಿದ್ದರೆ ತ್ರಿಭುವನಕರ್ತಾರನ ಹೆಸರು ಇಂದು ಎಷ್ಟು ಜನಕ್ಕೆ ತಿಳಿದಿರುತ್ತಿದ್ದಿತು? ಭಾರತದ ಪುರಾತತ್ತ್ವ ಇಲಾಖೆಯವರು ೧೯೮೬ರಿಂದ ೧೯೯೩ರವರೆಗೆ ಅಂಕೋರ್ ವಾಟಿನಲ್ಲಿ ಕಲ್ಲುಗಳನ್ನು ತೊಳೆದು ಜೋಡಿಸಿದರು, ಬಳಿಕ ತಾ ಪ್ರೋಮಿನಲ್ಲಿಯೂ ದುಡಿದರು. ಅದು ಮೆಚ್ಚತಕ್ಕ ಕೆಲಸ. ಆದರೆ ಹೊಲದ ಬದುವಿನಲ್ಲಿ ಒರಗಿರುವ ವೀರಗಲ್ಲನ್ನು ಬಟ್ಟೆ ಒಗೆಯುವುದಕ್ಕೆ ಎಳೆದೊಯ್ಯದಂತೆ ನೋಡಿಕೊಳ್ಳುವುದು ಊರಿನವರಿಂದಲೇ ಆಗಬೇಕಾದುದು. ಅದಕ್ಕೆ ಇಲಾಖೆಯ ದಾರಿ ಕಾಯಬೇಕಾಗಿಲ್ಲ.

ಕೆರೆಯ ಕಥೆಗೆ ಆವಣಿಗಿಂತ ಒಳ್ಳೆಯ ಸಾಕ್ಷಿ ಪಾಲಾರಿನ ದಡದ ಬೇತಮಂಗಲ. ಶಾಸನಗಳಲ್ಲಿ ಅದರ ಹೆಸರು ವಿಜಯಾದಿತ್ಯಮಂಗಲ. ಅಲ್ಲಿನ ಹಿರಿಯ ಕೆರೆ ಒಡೆದುಹೋಗಿದ್ದಾಗ ೯೫೦ರ ಸುಮಾರಿನಲ್ಲಿ, ಎಂದರೆ ತ್ರಿಭುವನಕರ್ತಾರನು ಇನ್ನೂ ಬದುಕಿದ್ದಾಗಲೇ, ನೊಳಂಬರ ಅರಸನಾದ ಇರಿವ ನೊಳಂಬನು ಅದನ್ನು ಕಟ್ಟಿಸಿದನು. ಅದು ಮತ್ತೆ ಒಡೆಯಿತು. ೧೨ನೆಯ ಶತಮಾನದಲ್ಲಿ ಹೊಯ್ಸಳರ ದಂಡನಾಯಕ ಚೊಕ್ಕಿಮಯ್ಯನು ಮತ್ತೆ ಕಟ್ಟಿಸಿದನು. ಕಟ್ಟಿಸಿದವರಲ್ಲಿ ಒಬ್ಬನ ವಂಶ ಇನ್ನೊಬ್ಬನ ವಂಶಕ್ಕೆ ನಂಟಲ್ಲ. ನಡುವೆ ಗಂಗರು ಬಂದು ಹೋದರು, ಚೋಳರು ಬಂದು ಹೋದರು. ಏರಿ ಮಾತ್ರ ಒಂದೇ. ಇಪ್ಪತ್ತನೆಯ ಶತಮಾನದಲ್ಲಿ ಕೋಲಾರದ ಚಿನ್ನದ ಗಣಿಯ ಪಟ್ಟಣಕ್ಕೆ ಕುಡಿಯುವ ನೀರು ಹೋದುದು ಈ ಬೇತಮಂಗಲದ ಕೆರೆಯಿಂದಲೇ. ಗಣಿಯನ್ನು ೨೦೦೧ರಲ್ಲಿ ಮುಚ್ಚಿದರು, ಕೆರೆ ಇದೆ.