ಹಾಯಿದೋಣಿಯ ಡೀಸೆಲ್ ಹೀಟರ್

ಹಾಯಿದೋಣಿಯ ಡೀಸೆಲ್ ಹೀಟರ್ ಎಂದರೆ ಚಳಿ ಪ್ರದೇಶದ ಸಮುದ್ರಗಳಲ್ಲಿ ಸಂಚರಿಸುವ ದೋಣಿಯ ಕ್ಯಾಬಿನ್ ಬೆಚ್ಚಗಿರುವಂತೆ ಡೀಸೆಲ್ ಉರಿಸುವ ಸಾಧನ. ಉತ್ತರ ಯುರೋಪ್ ಮತ್ತು ಕೆನಡಾ ಕರಾವಳಿಗಳಲ್ಲಿ ಇದರ ಬಳಕೆ ಹೆಚ್ಚು. ಕರ್ನಾಟಕದ ನೀರಿನಲ್ಲಿ ಇದರ ಅಗತ್ಯ ಬೀಳುವುದಿಲ್ಲ. ಸಿರುಗುಪ್ಪ ತಾಲ್ಲೂಕಿನ ಕೆಂಚನಗುಡ್ಡದ ಮಗ್ಗುಲಲ್ಲಿ ಹರಿಯುವ ತುಂಗಭದ್ರೆಯ ಹಳೆಯ ವಾಹನ ಹರಿಗೋಲು. ಅದಕ್ಕೆ ಮುಚ್ಚಿದ ಕೋಣೆಯೇ ಇಲ್ಲ. ಕಾರವಾರ, ಮಲ್ಪೆಗಳ ಮೀನುಗಾರಿಕೆ ಬೋಟುಗಳಲ್ಲಿ ಕಾಡುವುದು ಸೆಕೆ. ಆದರೆ ನಮ್ಮವರು ದೂರದ ಸಮುದ್ರಗಳಿಗೂ ಹಾಯಿ ಬಿಚ್ಚಿದ್ದಾರೆ. ಗೋವೆಯಲ್ಲಿ ಕಟ್ಟಿದ 56 ಅಡಿಯ 'ತಾರಿಣಿ'ಯಲ್ಲಿ ಭಾರತೀಯ ನೌಕಾಪಡೆಯ ಆರು ಮಹಿಳಾ ಅಧಿಕಾರಿಗಳು 2017-18ರಲ್ಲಿ ಭೂಪ್ರದಕ್ಷಿಣೆ ಮಾಡಿದರು. ದಕ್ಷಿಣ ಅಮೆರಿಕದ ತುದಿಯ ಕೇಪ್ ಹಾರ್ನ್ ದಾಟಿದರು. ಅಂಥ ಕಡೆ ಚಳಿಗಿಂತ ಹೆಚ್ಚು ಹಿಂಸೆ ಕೊಡುವುದು ತೇವ. ಒದ್ದೆಯಾದ ಬಟ್ಟೆ ಒಣಗುವುದಿಲ್ಲ, ಹಾಸಿಗೆ ಬೂಷ್ಟು ಹಿಡಿಯುತ್ತದೆ, ಗೋಡೆಯಲ್ಲಿ ನೀರು ಒಸರುತ್ತದೆ.

ಹೊಗೆ ಹೊರಹೋಗದ ಸ್ಟೌ ಹಚ್ಚಿದರೆ ಈ ತೇವ ಇನ್ನೂ ಹೆಚ್ಚುತ್ತದೆ. ಒಂದು ಲೀಟರ್ ಡೀಸೆಲ್ ಉರಿದಾಗ ಸುಮಾರು ಒಂದು ಲೀಟರಿನಷ್ಟೇ ನೀರು ಆವಿಯಾಗಿ ಹುಟ್ಟುತ್ತದೆ. ಅದೆಲ್ಲ ಹೊಗೆಯೊಂದಿಗೆ ಹೊರಗೆ ಹೋಗಬೇಕು.

ಮುಖ್ಯವಾಗಿ ಎರಡು ಬಗೆಗಳಿವೆ. ಮೊದಲನೆಯದು ಒಲೆಯಂಥದು: ತೊಟ್ಟಿಕ್ಕುವ ಎಣ್ಣೆ ಬಟ್ಟಲಿನಲ್ಲಿ ಉರಿಯುತ್ತದೆ, ಚಿಮಣಿ ಚಾವಣಿಯಿಂದ ಹೊರಬರುತ್ತದೆ. ಡೆನ್ಮಾರ್ಕಿನ ರೆಫ್ಲೆಕ್ಸ್ ಈ ಬಗೆಯದು. ಎರಡನೆಯದು ಫ್ಯಾನಿನಿಂದ ಬಿಸಿಗಾಳಿ ಊದುವಂಥದು. ಜರ್ಮನಿಯ ವೆಬಾಸ್ಟೊ ಮತ್ತು ಎಬರ್‌ಸ್ಪೆಖರ್ ಕಂಪನಿಗಳು ಲಾರಿ, ಬಸ್ಸುಗಳಿಗೂ ಇದನ್ನೇ ಮಾಡುತ್ತವೆ. ಇದರಲ್ಲಿ ಎರಡು ಗಾಳಿಗಳು ಎಲ್ಲಿಯೂ ಬೆರೆಯುವುದಿಲ್ಲ. ಉರಿಗೆ ಬೇಕಾದ ಗಾಳಿ ಒಂದು ಕೊಳವೆಯಿಂದ ಬಂದು ಹೊಗೆಯಾಗಿ ಹೋಗುತ್ತದೆ. ಕ್ಯಾಬಿನ್ನಿನ ಗಾಳಿ ಕಾದ ಲೋಹದ ಹೊರಮೈಯನ್ನು ಸವರಿಕೊಂಡು ಬೆಚ್ಚಗಾಗಿ ಮರಳುತ್ತದೆ. 2 ಕಿಲೋವಾಟಿನ ಹೀಟರ್ ಪೂರ್ತಿ ಉರಿದಾಗ ಗಂಟೆಗೆ ಸುಮಾರು ಕಾಲು ಲೀಟರ್ ಡೀಸೆಲ್ ಕುಡಿಯುತ್ತದೆ.

ಅಳವಡಿಕೆಯ ಕೆಲಸದಲ್ಲಿ ಅತಿ ಮುಖ್ಯವಾದದ್ದು ಹೊಗೆಕೊಳವೆ. ಲಾರಿಯಲ್ಲಿ ಅದು ಚಾಸಿಯ ಕೆಳಗೆ ಬಯಲಲ್ಲಿರುತ್ತದೆ. ಕೀಲಿನಲ್ಲಿ ಸ್ವಲ್ಪ ಸೋರಿದರೂ ಹೊಗೆ ಗಾಳಿಗೆ ಹೋಗುತ್ತದೆ. ದೋಣಿಯಲ್ಲಿ ಅದೇ ಕೊಳವೆ ಮುಚ್ಚಿದ ಒಡಲಿನೊಳಗೇ ಹಾಯುತ್ತದೆ, ಸೋರಿದ್ದು ಮಲಗುವ ಜಾಗಕ್ಕೇ ಬರುತ್ತದೆ. ಹೀಗಾಗಿ ವಾಹನಗಳಿಗೆಂದು ಬರುವ ಅಗ್ಗದ ಕಿಟ್ಟಿನ ಕೊಳವೆ, ಸೈಲೆನ್ಸರುಗಳನ್ನು ದೋಣಿಗೆ ಬಳಸಬಾರದು. ಬೇಕಾದದ್ದು ಸ್ಟೇನ್‌ಲೆಸ್ ಸ್ಟೀಲಿನ, ಹೊಗೆ ಬಿಡದ ಕೊಳವೆ. ಅದು ನೂರಾರು ಡಿಗ್ರಿ ಕಾಯುವುದರಿಂದ ಉದ್ದಕ್ಕೂ ಶಾಖನಿರೋಧಕ ಹೊದಿಕೆ ಸುತ್ತಬೇಕು. ಫೈಬರ್‌ಗ್ಲಾಸ್ ಒಡಲನ್ನು ಅದು ದಾಟುವಲ್ಲಿ ಎರಡು ಪದರದ ಲೋಹದ ಬಾಯಿ ಕೂರಿಸಬೇಕು, ಇಲ್ಲದಿದ್ದರೆ ಒಡಲೇ ಸುಡುತ್ತದೆ.

ಹಾಯಿದೋಣಿಗೆ ಇನ್ನೊಂದು ತೊಡಕಿದೆ. ಹಾಯಿಗೆ ಗಾಳಿ ತುಂಬಿದಾಗ ದೋಣಿ ಒಂದು ಮಗ್ಗುಲಿಗೆ ವಾಲುತ್ತದೆ. ನಿಂತಾಗ ನೀರಿನಿಂದ ಮೇಲಿದ್ದ ರಂಧ್ರ ಆಗ ಅಲೆಯೊಳಗೆ ಮುಳುಗಬಹುದು. ಅದಕ್ಕಾಗಿ ಹೊಗೆಯ ಬಾಯನ್ನು ಸಾಮಾನ್ಯವಾಗಿ ದೋಣಿಯ ಹಿಂಭಾಗದಲ್ಲಿ ಆದಷ್ಟು ಎತ್ತರಕ್ಕೆ ತೆರೆಯುತ್ತಾರೆ. ಒಳಗಿನ ಕೊಳವೆಯನ್ನು ಇನ್ನೂ ಮೇಲಕ್ಕೇರಿಸಿ ಬಾಗಿಸಿ ಇಳಿಸುತ್ತಾರೆ. ತಪ್ಪಿ ನುಗ್ಗಿದ ನೀರು ಆ ಬಾಗನ್ನು ಹತ್ತಲಾರದು.

ಡೀಸೆಲ್ ಕೊಳವೆಯನ್ನು ಎಂಜಿನ್ನಿನ ಕೊಳವೆಯಿಂದ ಕವಲು ತೆಗೆಯದೆ ಟ್ಯಾಂಕಿನಿಂದಲೇ ಬೇರೆಯಾಗಿ ತರುವುದು ಸರಿಯಾದ ಕ್ರಮ. ಅದರ ತುದಿ ತಳ ಮುಟ್ಟಬಾರದು: ತಳದಲ್ಲಿ ನೀರೂ ಗಸಿಯೂ ನಿಲ್ಲುತ್ತವೆ, ಅಲ್ಲದೆ ಹೀಟರ್ ರಾತ್ರಿಯೆಲ್ಲ ಉರಿದರೂ ಎಂಜಿನ್ನಿಗೆ ಒಂದಿಷ್ಟು ಡೀಸೆಲ್ ಉಳಿಯಬೇಕು. ಪುಟ್ಟ ಪಂಪೊಂದು ಟಿಕ್ ಟಿಕ್ ಎನ್ನುತ್ತ ಪ್ರತಿ ಬಡಿತಕ್ಕೂ ಅಳತೆಯ ಹನಿಯನ್ನಷ್ಟೇ ದೂಡುತ್ತದೆ. ಅದರ ಹೊರಬಾಯಿ ಮೇಲ್ಮುಖವಾಗಿ ಓರೆಯಾಗಿರಬೇಕು. ಗಾಳಿಗುಳ್ಳೆ ಒಳಗೆ ನಿಂತರೆ ಅಳತೆ ತಪ್ಪುತ್ತದೆ, ಉರಿ ಆರುತ್ತದೆ. ಸಿರುಗುಪ್ಪದ ಭತ್ತದ ಗದ್ದೆಗಳಲ್ಲಿ ಡೀಸೆಲ್ ಪಂಪ್‌ಸೆಟ್ ಓಡಿಸಿದವರಿಗೆ ಈ ಕಾಟ ಹೊಸದಲ್ಲ. ಗಾಳಿ ಹಿಡಿದ ಎಂಜಿನ್ ನಾಲ್ಕು ಬಾರಿ ಕೆಮ್ಮಿ ನಿಲ್ಲುತ್ತದೆ, ಗಾಳಿ ತೆಗೆಯುವವರೆಗೂ ಹಿಡಿಯುವುದಿಲ್ಲ.

ಉರಿ ಹೊತ್ತಿಸುವ ಕಡ್ಡಿ ಕಾಯಲು 12 ವೋಲ್ಟಿನಲ್ಲಿ ಕೆಲವು ನಿಮಿಷ 10 ಆಂಪಿಯರ್ ಆಸುಪಾಸಿನ ವಿದ್ಯುತ್ ಬೇಕು. ತಂತಿ ದಪ್ಪವಿರಲಿ, ನಡುವೆ ಫ್ಯೂಸ್ ಇರಲಿ. ನಿಲ್ಲಿಸುವಾಗ ಬ್ಯಾಟರಿ ಸ್ವಿಚ್ ತೆಗೆಯಬಾರದು. ಹೀಟರಿನದೇ ಸ್ವಿಚ್ ಒತ್ತಿ, ಫ್ಯಾನ್ ಒಳಗಿನ ಕಾವನ್ನು ಊದಿ ಮುಗಿಸುವವರೆಗೆ ಕಾಯಬೇಕು. ಸದಾ ಸಣ್ಣ ಉರಿಯಲ್ಲಿಟ್ಟರೆ ಒಳಗೆ ಮಸಿ ಕಟ್ಟುತ್ತದೆ, ಆಗಾಗ ದೊಡ್ಡ ಉರಿಯಲ್ಲಿ ಓಡಿಸಬೇಕು.

ಇಷ್ಟೆಲ್ಲ ಮಾಡಿದರೂ ಕೀಲು ಸಡಿಲವಾಗಬಹುದು, ಕೊಳವೆ ತುಕ್ಕು ತಿನ್ನಬಹುದು. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ಮಲಗಿದವರು ಏಳುವುದಿಲ್ಲ. ಅದನ್ನು ಪತ್ತೆಹಚ್ಚಿ ಕೂಗುವ ಅಲಾರಂ ಸಿಗುತ್ತದೆ. ದೋಣಿಗಳಿಗೆ ತಕ್ಕದ್ದರ ಮೇಲೆ ಯುರೋಪಿನ ಇಎನ್ 50291-2 ಗುರುತು ಇರುತ್ತದೆ. ಅದನ್ನು ಮಲಗುವ ಕಡೆಯೇ ಇಡಬೇಕು. ಅಲಾರಂ ಇಲ್ಲದ ದೋಣಿಯಲ್ಲಿ ಈ ಹೀಟರ್ ಹಚ್ಚಬಾರದು.